ಹತ್ತು ಮಹಡಿ, ಒಂದು ಬೆಕ್ಕು

ದೀಪಾ: ಎತ್ತರದ ಭಯಕ್ಕೆ ವಿಆರ್ (ವರ್ಚುವಲ್ ರಿಯಾಲಿಟಿ) ಚಿಕಿತ್ಸೆ ಅಂತ ಒಂದು ಸುದ್ದಿ ಓದಿದೆ. ಕಣ್ಣಿಗೆ ಹೆಡ್‌ಸೆಟ್ ಕಟ್ಟಿದರೆ, ಕಂಪ್ಯೂಟರ್ ತೋರಿಸುವ ಎತ್ತರದಲ್ಲೇ ನಿಂತ ಹಾಗೆ ಅನಿಸುತ್ತದಂತೆ. ಸುಮಾ ಚಿಕ್ಕಮ್ಮ, ಇದು ನಿಮಗೇ. ಚಿಕಿತ್ಸೆ ತೆಗೆದುಕೊಂಡವರ 30 ವರ್ಷದ ಭಯ ಎರಡು ಗಂಟೆಯಲ್ಲಿ ಇಳಿದಿದೆ!

ರಘು ಮಾವ: ಬಂತು ಇನ್ನೊಂದು ಫಾರ್ವರ್ಡ್. ಕಣ್ಣಿಗೆ ಡಬ್ಬಿ ಕಟ್ಟಿಕೊಂಡು ಆಟ ಆಡಿದರೆ ಭಯ ಹೋಗುತ್ತದಾ? ಅದೆಲ್ಲ ಸುಳ್ಳು ಅಂತ ನೋಡುವವರಿಗೆ ಗೊತ್ತಿರುತ್ತದೆ, ಅಲ್ವಾ?

ದೀಪಾ: ಗೊತ್ತಿದ್ದರೂ ಕಾಲು ನಡುಗುತ್ತದೆ ಮಾವ. ತಾರಸಿ ಗೋಡೆ ಗಟ್ಟಿ ಅಂತ ಚಿಕ್ಕಮ್ಮನಿಗೆ ಗೊತ್ತಿಲ್ಲವಾ? ಆದರೂ ಸಂಡಿಗೆ ಇಡುವಾಗ ಮೆಟ್ಟಿಲ ಬಾಗಿಲು ಬಿಟ್ಟು ಆಚೆ ಬರುವುದಿಲ್ಲ. ಮುಕ್ಕಾಲು ತಾರಸಿ ಖಾಲಿ.

ಸುಮಾ ಚಿಕ್ಕಮ್ಮ: ಅಲ್ಲಿ ಬಿಸಿಲು ಚೆನ್ನಾಗಿದೆ.

ರಘು ಮಾವ: 😄😄

ಕಿರಣ: ಇದು ಹಳೆಯದು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಡೇನಿಯಲ್ ಫ್ರೀಮನ್ ತಂಡದ ಪ್ರಯೋಗ, 2018. ಒಟ್ಟು 100 ಜನ, ಅವರಲ್ಲಿ 49 ಮಂದಿಗೆ ವಿಆರ್. ಭಯ ಸರಾಸರಿ 68% ಇಳಿಯಿತು. ಆದರೆ ಉಳಿದ 51 ಮಂದಿಗೆ ಆ ಪ್ರಯೋಗದಲ್ಲಿ ಬೇರೆ ಚಿಕಿತ್ಸೆಯನ್ನೇ ಕೊಡಲಿಲ್ಲ. ಸುಮ್ನೆ ಕೂರುವುದಕ್ಕಿಂತ ಇದು ವಾಸಿ ಅಂತ ಗೊತ್ತಾಯಿತು, ಅಷ್ಟೇ.

ರಘು ಮಾವ: ನಾನು ಹೇಳಿದ್ದೂ ಅದೇ.

ಕಿರಣ: ಇಲ್ಲ, ನೀವು ಆಟ ಅಂದಿರಿ. 1995ರಲ್ಲೇ ಅಮೆರಿಕದ ಅಟ್ಲಾಂಟಾದಲ್ಲಿ ಮನಶ್ಶಾಸ್ತ್ರಜ್ಞೆ ಬಾರ್ಬರಾ ರಾತ್‌ಬಾಮ್, ಕಂಪ್ಯೂಟರ್ ತಜ್ಞ ಲ್ಯಾರಿ ಹಾಜಸ್ ಎತ್ತರಕ್ಕೆ ಹೆದರುವ ಕಾಲೇಜು ಮಕ್ಕಳಿಗೆ ಇದನ್ನು ಮಾಡಿಸಿದ್ದರು. ತೂಗುಸೇತುವೆ, ಬಾಲ್ಕನಿ, ಗಾಜಿನ ಲಿಫ್ಟ್. ಆಗಿನ ಗ್ರಾಫಿಕ್ಸ್ ಕಾರ್ಟೂನಿಗಿಂತ ಕಡೆ. ಅಷ್ಟಕ್ಕೇ ಅವರು ಬೆವರಿದರು. ಕೊನೆಯವರೆಗೆ ಇದ್ದ 10 ಜನರಲ್ಲಿ 7 ಮಂದಿ, ಯಾರೂ ಹೇಳದೆ, ನಿಜವಾದ ಎತ್ತರಕ್ಕೆ ತಾವೇ ಹೋಗಿ ನಿಂತರು.

ಗೀತಾ ಅತ್ತೆ: ನಮ್ಮ ಕಾಲದಲ್ಲಿ ಬಾವಿಗೆ ತಳ್ಳುತ್ತಿದ್ದರು. ಭಯವೂ ಹೋಯಿತು, ಈಜೂ ಬಂತು.

ದೀಪಾ: ಅತ್ತೆ, ನಿಮ್ಮ ತಮ್ಮ ಇವತ್ತಿಗೂ ಕೆರೆ ಏರಿ ಮೇಲೆ ನಡೆಯುವುದಿಲ್ಲ.

ಗೀತಾ ಅತ್ತೆ: ಅವನ ವಿಷಯ ಬೇರೆ.

ರಘು ಮಾವ: ಸರಿ, ಒಂದು ಪ್ರಶ್ನೆ. ಮನೆ ಮೇಲೆ ತಾರಸಿ ಇದೆ, ಬಿಟ್ಟಿ. ದಿನಾ ಒಂದು ಹೆಜ್ಜೆ ಮುಂದೆ ಹೋದರೆ ಸಾಲದಾ?

ಕಿರಣ: ಸಾಕು ಮಾವ. ಅದೂ ಚಿಕಿತ್ಸೆಯೇ, ಚೆನ್ನಾಗಿ ಕೆಲಸ ಮಾಡುತ್ತದೆ. ಭಯ ಆದಾಗ ಓಡದೆ ಅಲ್ಲೇ ನಿಂತರೆ, ಬೀಳಲಿಲ್ಲ ಅಂತ ಮೈಗೆ ಅರ್ಥವಾಗುತ್ತದೆ.

ದೀಪಾ: ಆ ಮೊದಲ ಹೆಜ್ಜೆಯನ್ನೇ ಇಡಲಾಗದವರಿಗೆ ಇದು. ಆಕ್ಸ್‌ಫರ್ಡಿನವರದ್ದು ಹತ್ತು ಮಹಡಿಯ ಕಟ್ಟಡ. ಮೊದಲು ಎದುರಿಗೆ ತಡೆಗೋಡೆ ಇರುತ್ತದೆ, ಆಮೇಲೆ ಅದು ಮೆಲ್ಲಗೆ ಕೆಳಗಿಳಿಯುತ್ತದೆ. ಬೇಡ ಅನಿಸಿದರೆ ಡಬ್ಬಿ ತೆಗೆದಿಟ್ಟರಾಯಿತು. ತಾರಸಿ ಅಂಚಿನಲ್ಲಿ ಹಾಗೆ ಮಾಡಲು ಆಗುತ್ತದಾ? ಮುಂದೆ ಒಂದು ಮರದಿಂದ ಬೆಕ್ಕನ್ನು ಬಿಡಿಸಿ ತರಬೇಕು.

ರಘು ಮಾವ: ಬೆಕ್ಕಾ!

ಕಿರಣ: ಹೌದು. ಹೇಳಿಕೊಡುವ ಕೋಚ್ ಕೂಡ ಕಂಪ್ಯೂಟರಿನೊಳಗೇ ಇರುತ್ತಾಳೆ. ಆದರೂ ಚಿಕ್ಕಮ್ಮನ ತಲೆಗೆ ಕಟ್ಟುವ ಮೊದಲು ಒಬ್ಬ ಮನಶ್ಶಾಸ್ತ್ರಜ್ಞರನ್ನು ಕೇಳೋಣ. ಕೆಲವರಿಗೆ ವಿಆರ್‌ನಲ್ಲಿ ತಲೆ ಸುತ್ತುತ್ತದೆ, ವಾಂತಿ ಬಂದ ಹಾಗಾಗುತ್ತದೆ.

ರಘು ಮಾವ: ಸುಮಾ, ನೀನೇ ಹೇಳು. ಆಗುತ್ತದಾ?

ಸುಮಾ ಚಿಕ್ಕಮ್ಮ: ಬೆಕ್ಕು ಅಂತ ಓದುವಾಗಲೇ ಅಂಗಾಲು ಜುಮ್ಮೆಂದಿತು. ಕುರ್ಚಿಯಲ್ಲೇ ಕೂತಿದ್ದೇನೆ, ಆದರೂ.

ದೀಪಾ: ನೋಡಿದಿರಾ ಮಾವ?

ಸುಮಾ ಚಿಕ್ಕಮ್ಮ: ಅದಿರಲಿ. ಬೆಕ್ಕು ಕೈಗೆ ಸಿಕ್ಕ ಮೇಲೆ ಇಳಿಯುವುದು ಹೇಗೆ? ಅದನ್ನು ಓದಿ ಹೇಳು.