ನಿವೃತ್ತಿಯಾಯಿತು; ಮುಂದೆ ಬದಿಯಡ್ಕವೋ, ಬೆಂಗಳೂರೋ?

ಪ್ರಶ್ನೆ (ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ):
ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ 31 ವರ್ಷ ಪಾಠ ಮಾಡಿ, ಕೇರಳದ ನಿಯಮದಂತೆ 56ಕ್ಕೆ, ಕಳೆದ ಮೇ 31ರಂದು ನಿವೃತ್ತನಾದೆ. ಶಾಲೆ ತೆರೆದ ದಿನ ಅಭ್ಯಾಸಬಲದಿಂದ ಅಂಗಿಗೆ ಇಸ್ತ್ರಿ ಹಾಕಿ, ಜೇಬಿಗೆ ಕೆಂಪು ಪೆನ್ನು ಸಿಕ್ಕಿಸಿಕೊಂಡ ಮೇಲೆಯೇ, ಹೋಗಬೇಕಾದ ಜಾಗವಿಲ್ಲವೆಂದು ನೆನಪಾದದ್ದು. ಮಗ ಬೆಂಗಳೂರಿಗೆ ಬರಹೇಳುತ್ತಿದ್ದಾನೆ. ಹೆಂಡತಿಗೆ ಒಂದೂವರೆ ಎಕ್ರೆ ಅಡಿಕೆ ತೋಟ ಬಿಡುವ ಮನಸ್ಸಿಲ್ಲ. ನನಗೋ ಎರಡರಲ್ಲಿ ಯಾವುದೂ ನನ್ನದೆನ್ನಿಸುತ್ತಿಲ್ಲ. ಹೀಗೆ ಹೊಸ್ತಿಲಲ್ಲಿ ನಿಂತವನು ಮನಸ್ಸನ್ನು ಸಮಾಧಾನದಲ್ಲಿ ಇಟ್ಟುಕೊಳ್ಳುವುದು ಹೇಗೆ?

ಉತ್ತರ (ಬಾಯಾರಿನಿಂದ):
ಮಾಸ್ಟ್ರೇ, ನನ್ನ ಅಜ್ಜ ನೀರಿಗಾಗಿ ಸುರಂಗ ತೋಡುತ್ತಿದ್ದವರು. ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ, ಒಬ್ಬ ಬಗ್ಗಿ ನಡೆಯುವಷ್ಟೇ ಅಗಲಕ್ಕೆ ಕೊರೆಯುತ್ತ ಹೋಗುವ ಆ ಕೆಲಸದಲ್ಲಿ, ನೀರು ಹತ್ತು ಕೋಲಿಗೆ ಸಿಗುತ್ತದೋ ನೂರು ಕೋಲಿಗೋ ಎಂದು ಖಂಡಿತವಾಗಿ ಹೇಳುವವರಿಲ್ಲ. ಅಜ್ಜ ಗಮನವಿಡುತ್ತಿದ್ದದ್ದು ಎರಡರ ಮೇಲೆ: ಗೋಡೆಯ ಮಣ್ಣಿನ ಪಸೆ, ಜೊತೆಗೆ ಒಯ್ದ ದೀಪ. ದೀಪ ಮಂಕಾಯಿತೆಂದರೆ ಒಳಗೆ ಉಸಿರಾಡಲು ಗಾಳಿ ಸಾಲದೆಂದು ಅರ್ಥ. ಪಿಕ್ಕಾಸನ್ನು ಅಲ್ಲೇ ಬಿಟ್ಟು ಹೊರಗೆ ಬಂದು, ನಿಧಾನವಾಗಿ ಎಲೆಯಡಿಕೆ ಮೆದ್ದು, ಮತ್ತೆ ಒಳಗೆ ಹೋಗುತ್ತಿದ್ದರು. ಹೊರಬಂದದ್ದನ್ನು ಅವರು ಸೋಲೆಂದು ಲೆಕ್ಕ ಹಿಡಿದದ್ದನ್ನು ನಾನು ಕಂಡಿಲ್ಲ. ನೀವೂ ಈ ಮಳೆಗಾಲ ಮುಗಿಯುವವರೆಗೆ ತೀರ್ಮಾನದ ಪಿಕ್ಕಾಸನ್ನು ಕೆಳಗಿಡಿ.

ಉತ್ತರ (ಪೆರ್ಲದಿಂದ):
ಬಾಯಾರಿನವರು ಹೇಳಿದ್ದು ಚೆಂದವಾಗಿದೆ, ಆದರೆ ಸುಮ್ಮನೆ ಕಾಯುವುದು ಎಲ್ಲರಿಗೂ ಒಗ್ಗುವುದಿಲ್ಲ. ನಾನೂ ಟೀಚರಾಗಿದ್ದವಳು; ನಿವೃತ್ತಳಾದ ಮೊದಲ ವರ್ಷ ಕಾದದ್ದೆಲ್ಲ ಟಿ.ವಿ.ಯ ಮುಂದೆ. ಕೈಗೆ ಕೆಲಸ ಕೊಟ್ಟದ್ದು ಮಳೆಗಾಲದಲ್ಲಿ ಅಡಿಕೆಗೆ ತಗಲುವ ಕೊಳೆರೋಗ. ಅದಕ್ಕೆ ಸಿಂಪಡಿಸುವ ಬೋರ್ಡೋ ಮದ್ದಿಗೆ 1 ಕಿಲೋ ಮೈಲುತುತ್ತನ್ನು 50 ಲೀಟರ್ ನೀರಿನಲ್ಲಿ, 1 ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು. ತಿರುಗಾಮುರುಗಾ ಮಾಡಿದರೆ ಮದ್ದು ಕೆಡುತ್ತದೆ. ಉಜ್ಜಿ ಹೊಳಪು ಮಾಡಿದ ಕತ್ತಿಯನ್ನು ಅದ್ದಿ ನೋಡಿದಾಗ ಅಲಗು ಕೆಂಪಾದರೆ ಸುಣ್ಣ ಸಾಲದೆಂದು ತಿಳಿಯಬೇಕು. ಆ ಅಲಗನ್ನೇ ನೋಡುತ್ತ ನಿಂತಷ್ಟು ಹೊತ್ತು ನಾಳೆಯ ಯೋಚನೆ ನನ್ನ ಹತ್ತಿರ ಸುಳಿಯಲಿಲ್ಲ. ಎರಡನೆಯ ಮದ್ದು ಬಿಡುವ ಹೊತ್ತು ಈಗ ಬಂದಿದೆಯಲ್ಲ, ಈ ಸಲ ಆ ಕೆಲಸ ಆಳಿಗೆ ವಹಿಸಬೇಡಿ. ಮರ ಹತ್ತುವುದೊಂದನ್ನು ಮಾತ್ರ ಅವರಿಗೇ ಬಿಡಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ವಂದನೆ. ಮಗನಿಗೆ ದೀಪಾವಳಿಯ ಬಳಿಕ ಮಾತಾಡೋಣವೆಂದಿದ್ದೇನೆ. ನಾಳೆ ಪೇಟೆಯಿಂದ ಮೈಲುತುತ್ತು ತರುತ್ತೇನೆ. ಟೀಚರೇ, ಕತ್ತಿಯನ್ನು ಎಷ್ಟು ಹೊತ್ತು ಅದ್ದಿಡಬೇಕು?