ಸಹಾಯ ಬೇಕು: 1:24 ಕಾರಿಗೆ ಹಚ್ಚಿದ ಎರಿಮಣ್ಣು ಹಪ್ಪಳದಂಗ ಏಳ್ತೈತಿ

ನಮಸ್ಕಾರ್ರಿ. 1:24 ಅಳತಿ (ಖರೆ ಗಾಡಿಯ 24ರಾಗ ಒಂದು ಪಾಲು) ಪ್ಲಾಸ್ಟಿಕ್ ಮಾದರಿ ಕಾರು, ಮಳೆಗಾಲದಾಗ ನವಲಗುಂದದ ಕಡೆ ಓಡಾಡಿದ ಗಾಡಿ ಹಂಗ ಕಾಣಬೇಕು. ತುಕ್ಕು ಸರಿ ಬಂದೈತಿ: ಕಂದು ಬಣ್ಣದ ಮ್ಯಾಲ ಎರಡು ಕೈ ಹೇರ್‌ಸ್ಪ್ರೇ, ಆಮ್ಯಾಲ ನೀರು ಬೆರೆಸಿದ ಬಿಳಿ ಅಕ್ರಿಲಿಕ್, ಅರ್ಧ ತಾಸಿನೊಳಗ ಒದ್ದಿ ಬ್ರಷ್‌ನಿಂದ ಕೆರೆದದ್ದು. (ನೀರಿನ ಬದಲಿ ಥಿನ್ನರ್ ಹಾಕಿದ್ರ ಬಿಳಿ ಬಣ್ಣದ ಚಕ್ಕಿ ಸರಿಯಾಗಿ ಎದ್ದು ತುಕ್ಕಿನ ಕಂದು ಕಾಣೂದಿಲ್ಲ.)

ತೊಡಕು ಕೆಸರಿಂದು. ಜರಡಿ ಹಿಡಿದ ಎರಿಮಣ್ಣು 2 ಪಾಲು, ಬಡಗ್ಯಾರ ಬಿಳಿ ಅಂಟು 1 ಪಾಲು, ನೀರು 1 ಪಾಲು. ಮಡ್‌ಗಾರ್ಡ್ ಒಳಗ 1 ಮಿ.ಮೀ. ದಪ್ಪ ಹಚ್ಚಿದ್ರ ಒಣಗಿದ ಮ್ಯಾಲ ಬಿರಿದು ಕಿತ್ತು ಬರತೈತಿ. ಹಸಿ ಇದ್ದಾಗ ಉಬ್ಬೂದು, ಒಣಗಿದಾಗ ಕುಗ್ಗೂದು ಎರಿಮಣ್ಣಿನ ಗುಣಾನ ಐತಿ. ಹೊಲದಾಗ ಬಿರುಕು ಚಂದ. ಇಷ್ಟು ಸಣ್ಣ ಗಾಡಿ ಮ್ಯಾಲ ಅಳತೀನ ಕೆಡಸ್ತಾವ.

ಮಣ್ಣಿನ ಬದಲಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಪುಡಿಗೆ ಬಣ್ಣ ಕೂಡಿಸಿದ್ರ ಕುಗ್ಗೂದು ನಿಲ್ಲತೈತೇನು? ಪಾಲು ಎಷ್ಟು? ಇಲ್ಲಾ ತೆಳ್ಳಗ ಮೂರ್ನಾಲ್ಕು ಸಲ ಹಚ್ಚೂದ ಛಲೋನೋ?

ಇನ್ನೊಂದು, ಒಣಗಿದ ಕೆಸರಿನ ಬೂದು ಬಣ್ಣ ವಾರ್ನಿಷ್ ತಾಗಿದ ಕೂಡಲೇ ಹಸಿ ಕಪ್ಪಾಗತೈತಿ. ಒಣ ಕೆಸರಿನ ಪುಡಿ ಉದುರದಂಗ ಹಿಡಿದು ನಿಲ್ಲಸಾಕ ಬ್ಯಾರೆ ಏನು ಹಾಕ್ತೀರಿ? ಧಾರವಾಡದ ಜಡಿಮಳಿ ಥಂಡ್ಯಾಗ ಡಬ್ಬಿ ಸ್ಪ್ರೇ ಬೆಳ್ಳಗ ಮಂಜು ಹಿಡೀತೈತಿ, ಅದಕ್ಕ ಬ್ರಷ್‌ನಿಂದ ಆಗೂದಿದ್ರ ಹೇಳ್ರಿ.