ಗದ್ದೆ ತುಂಬಿಸಿ ಲೇಔಟ್, ಆಮೇಲೆ ಚರಂಡಿ: ಮಾಸ್ಟರ್ ಪ್ಲ್ಯಾನಿನಲ್ಲೇ ತಡೆಯೋದು ಹೇಗೆ?

ಕೋಡಿಬಾಗದಿಂದ:
ಕಾರವಾರ, ಅಂಕೋಲಾ ಕಡೆ ತಗ್ಗಿನ ಗದ್ದೆಗೆ ಕೆಂಪು ಮಣ್ಣು ಸುರಿದು ಸೈಟ್ ಮಾಡ್ತಿದ್ದಾರೆ. ಮಳೆಗಾಲ ಬಂತೆಂದರೆ ಪಕ್ಕದ ಹಳೇ ಮನೆಗಳ ಅಂಗಳಕ್ಕೆ ನೀರು. ಪರಿಹಾರ ಅಂತ ಬರೋದು ಮತ್ತೊಂದು ಕಾಂಕ್ರೀಟ್ ಚರಂಡಿ. ಪ್ಲ್ಯಾನಿನ ಪುಸ್ತಕದಲ್ಲಿ ‘ಸುಸ್ಥಿರ ಅಭಿವೃದ್ಧಿ’ ಅಂತ ಇರತ್ತೆ, ನಕ್ಷೆಯಲ್ಲಿ ಅದೇ ಗದ್ದೆಗೆ ವಸತಿಯ ಹಳದಿ ಬಣ್ಣ. ಯಾವ ಹಂತದಲ್ಲಿ, ಏನಂತ ಬರೆದು ಆಕ್ಷೇಪಿಸಬೇಕು?

ನಕ್ಷೆ_ಓದಿ:
ಚರಂಡಿ ಟೆಂಡರಿಗೆ ಬಂದ ಮೇಲೆ ಮಾತಾಡಿ ಪ್ರಯೋಜನ ಇಲ್ಲ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ 13ನೇ ಕಲಂ ಪ್ರಕಾರ ಕರಡು ಮಾಸ್ಟರ್ ಪ್ಲ್ಯಾನ್ ಪ್ರಕಟವಾದಾಗಿನಿಂದ 60 ದಿನ ಯಾರು ಬೇಕಾದರೂ ಲಿಖಿತ ಆಕ್ಷೇಪ ಕೊಡಬಹುದು. ‘ಪರಿಸರ ಉಳಿಸಿ’ ಅಂತ ನೂರು ಸಹಿ ಹಾಕಿದ ಅರ್ಜಿ ಕಡತದಲ್ಲೇ ಉಳಿಯತ್ತೆ. ಸರ್ವೆ ನಂಬರ್ ಹಿಡಿದು ಬರೆಯಿರಿ. ದಿಶಾಂಕ್ ಆ್ಯಪಿನಲ್ಲಿ ನಂಬರ್ ಸಿಗತ್ತೆ, ಕಂದಾಯ ಇಲಾಖೆಯ ಗ್ರಾಮ ನಕ್ಷೆಯಲ್ಲಿ ಹಳ್ಳದ ಗೆರೆ ಇರತ್ತೆ. ಎರಡನ್ನೂ ಕರಡಿನ ಪಕ್ಕ ಇಟ್ಟು, ಹಳ್ಳ ಎಲ್ಲಿ ಹಳದಿಯೊಳಗೆ ಮಾಯವಾಗಿದೆ ಅಂತ ಗುರುತು ಹಾಕಿ. ಕೊಟ್ಟ ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ಪ್ಲ್ಯಾನ್ ಅಂತಿಮವಾಯ್ತು ಅಂತ ಸುಮ್ಮನಿರಬೇಡಿ. 14ಎ ಕಲಂ ಅಡಿ ಒಂದೊಂದೇ ತುಂಡಿನ ಭೂಬಳಕೆ ಬದಲಾಗತ್ತೆ. ಅದಕ್ಕೂ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪ ಕರೆಯಲೇಬೇಕು. ಗದ್ದೆಗಳು ಹೆಚ್ಚು ಕೈತಪ್ಪೋದು ಇಲ್ಲೇ.

ಸಿವಿಲ್_ಶಿರಸಿ:
ಆಕ್ಷೇಪದಲ್ಲಿ ಲೆಕ್ಕ ಇರಲಿ. ಒಂದು ಹೆಕ್ಟೇರ್ ಗದ್ದೆಯಲ್ಲಿ 20 ಸೆಂ.ಮೀ. ನೀರು ನಿಂತರೆ 20 ಲಕ್ಷ ಲೀಟರ್. ಬದು ತುಂಬಿದ ಮೇಲೂ ನೀರು ಗದ್ದೆಯಿಂದ ಗದ್ದೆಗೆ ನಿಧಾನ ಇಳಿಯತ್ತೆ. ಹತ್ತು ಹೆಕ್ಟೇರಿಗೆ ಗಂಟೆಗೆ 60 ಮಿ.ಮೀ. ಮಳೆ ಹಿಡಿಯಿರಿ: ಹರಿವಿನ ಗುಣಾಂಕ (ಬಿದ್ದ ಮಳೆಯಲ್ಲಿ ಹರಿದು ಹೋಗುವ ಪಾಲು) 0.3 ಇದ್ದಾಗ ಸೆಕೆಂಡಿಗೆ ಸುಮಾರು 0.5 ಘನ ಮೀಟರ್, ಮನೆ-ರಸ್ತೆ ಆಗಿ 0.8 ಆದರೆ 1.3. ಹಳೇ ಮೋರಿಯ ಅಗಲ ಮಾತ್ರ ಮೊದಲಿನಷ್ಟೇ ಇರತ್ತೆ.

ಚರಂಡಿ ದೊಡ್ಡದು ಮಾಡಿದರೂ ಕರಾವಳಿಯಲ್ಲಿ ನೀರು ಹೋಗೋದು ಅಳಿವೆಗೆ. ಅಮಾವಾಸ್ಯೆ, ಹುಣ್ಣಿಮೆಯ ಭರತ ಇರುವಾಗ ಜೋರು ಮಳೆ ಬಂದರೆ ಬಾಯಿಯಲ್ಲೇ ನೀರು ತಡೆದು ಹಿಂದೆ ಒತ್ತತ್ತೆ. ಅಳಿವೆಗೆ ಮರಳು ಕಟ್ಟಿದ್ದರೆ ಮುಗೀತು. ಮೇ ಕೊನೆಯೊಳಗೆ ಮರಳು ಕಡಿದು ದಾರಿ ಬಿಡಿಸೋದು ಸಾವಿರಗಟ್ಟಲೆ ಮೀಟರ್ ಕಾಂಕ್ರೀಟಿಗಿಂತ ಮೊದಲ ಕೆಲಸ.

ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯದ ನಿಯಮ) ಕಾಯುತ್ತೆ ಅಂತ ನಂಬಬೇಡಿ. ಭರತದ ನೀರು ಬರುವ ಹಳ್ಳಕ್ಕೆ 2019ರ ಅಧಿಸೂಚನೆ ಕೊಡೋದು 50 ಮೀ. ಅಥವಾ ಹಳ್ಳದ ಅಗಲ, ಯಾವುದು ಕಡಿಮೆಯೋ ಅಷ್ಟು. ಆರು ಮೀಟರಿನ ಹಳ್ಳಕ್ಕೆ ಆರೇ ಮೀಟರ್.

ಗದ್ದೆ_ಮಾಲೀಕರ_ಪರ:
ಎಲ್ಲ ಸರಿ. ಆದರೆ ಗದ್ದೆ ಹಸಿರಾಗಿಯೇ ಇರಲಿ ಅಂದರೆ ನಷ್ಟ ಯಾರಿಗೆ? ಕಾರವಾರಕ್ಕೆ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಗುಡ್ಡ, ಕಾಡು. ದಕ್ಷಿಣದಲ್ಲಿ ಸೀಬರ್ಡ್ ನೌಕಾನೆಲೆಗೆ ಹಳ್ಳಿಗಳೇ ಹೋಗಿವೆ. ಉಳಿದ ಹತ್ತು ಗುಂಟೆಯೇ ಮಗಳ ಮದುವೆ, ಮಗನ ಓದು. ಟಿಡಿಆರ್ (ಬಿಟ್ಟ ಜಾಗಕ್ಕೆ ಬದಲಾಗಿ ಬೇರೆ ಕಡೆ ಹೆಚ್ಚು ಕಟ್ಟುವ, ಮಾರಬಹುದಾದ ಹಕ್ಕು) ಕೊಡ್ತೇವೆ ಅಂದರೆ ಎತ್ತರದ ಕಟ್ಟಡಕ್ಕೆ ಬೇಡಿಕೆ ಇಲ್ಲದ ಊರಲ್ಲಿ ಅದನ್ನು ಕೊಳ್ಳುವವರು ಸಿಗೋದು ಕಷ್ಟ. ಗದ್ದೆ ಮಾಲೀಕರನ್ನು ಎದುರು ಹಾಕಿಕೊಂಡರೆ ವಾರ್ಡ್ ಸದಸ್ಯ ಯಾರ ಪರ ನಿಲ್ಲುತ್ತಾರೆ ಅಂತ ಹೇಳಬೇಕಾಗಿಲ್ಲ.

ನಕ್ಷೆ_ಓದಿ:
ಒಪ್ಪಿದೆ. ಹಾಗಾಗಿ ಪೂರ್ತಿ ಗದ್ದೆ ಕೇಳಬೇಡಿ. ಲೇಔಟಿನಲ್ಲಿ ಪಾರ್ಕಿಗೆ ಹೇಗೂ ಜಾಗ ಬಿಡಲೇಬೇಕು. ಅದನ್ನು ಅತಿ ತಗ್ಗಿನ ಜಾಗದಲ್ಲೇ, ಮಣ್ಣು ತುಂಬಿಸದೆ, ಹಳ್ಳಕ್ಕೆ ತಾಗಿಸಿ ಬಿಡಬೇಕು ಅನ್ನೋ ಷರತ್ತು ವಲಯ ನಿಯಮಾವಳಿಯಲ್ಲೇ ಸೇರಿಸಲು ಕೇಳಿ. ಮಾಲೀಕನ ಸೈಟ್ ಸಂಖ್ಯೆ ಕಡಿಮೆಯಾಗಲ್ಲ, ನೀರಿಗೂ ನಿಲ್ಲಲು ಜಾಗ ಸಿಗತ್ತೆ. ಮಣ್ಣು ತುಂಬುವ ಮೊದಲಿನ ಮಟ್ಟ ನಕ್ಷೆಯಲ್ಲಿ ದಾಖಲಾಗಬೇಕು ಅಂತಲೂ ಸೇರಿಸಿ, ಇಲ್ಲವಾದರೆ ಆಮೇಲೆ ತಗ್ಗು ಯಾವುದಿತ್ತು ಅಂತ ತೋರಿಸಲು ಏನೂ ಉಳಿಯಲ್ಲ.